ಗೌಸಣ್ಣನ ಗಡ್ಡ ಮತ್ತು ಹೆಪ್ಪುಗಟ್ಟದ ಹರಳು

ನಮ್ಮ ಸೊಸೈಟಿಯ ಬಿ ವಿಂಗಿನಲ್ಲಿರುವ ಗೌಸಣ್ಣ ಎಂಥ ಕೆಲಸ ಮಾಡುತ್ತಾನೆ ಎಂಬುದು ಮುಲುಂಡಿನಲ್ಲಿ ಬಹುಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎ ವಿಂಗಿನವರು ಅವನನ್ನು ಐಸ್ ಫ್ಯಾಕ್ಟರಿಯವನು ಎಂದುಕೊಂಡಿದ್ದರು. ಸಿ ವಿಂಗಿನಲ್ಲಿ ಎ.ಸಿ. ರಿಪೇರಿಯವನೆಂದು ಸುದ್ದಿ, ಮೇ ತಿಂಗಳು ಬಂತೆಂದರೆ ಅಲ್ಲಿಂದ ಒಬ್ಬರಾದರೂ ಬಂದು, ಸ್ವಲ್ಪ ಗ್ಯಾಸ್ ತುಂಬಿಸಿಕೊಡಿ ಎಂದು ಅವನ ಬಾಗಿಲು ಬಡಿಯುತ್ತಿದ್ದರು. ಹದಿನೆಂಟು ವರ್ಷಗಳಿಂದ ಸೊಸೈಟಿಯ ಸೆಕ್ರೆಟರಿಯಾಗಿರುವ ನಾನು ಇವರೆಲ್ಲರಿಗಿಂತ ತಿಳಿದವನು. ಅವನ ಕೆಲಸ ಹೀಲಿಯಂ ಗ್ಯಾಸಿನದು ಎಂದು ಖಚಿತವಾಗಿ ಪತ್ತೆ ಹಚ್ಚಿ, ಭಾವಮೈದುನನ ಮಗಳ ಹುಟ್ಟುಹಬ್ಬಕ್ಕೆ ಐವತ್ತು ಬಲೂನು ತುಂಬಿಸಿಕೊಡಲು ಕೇಳಿದೆ.

ಗೌಸಣ್ಣ ಹಣೆ ಚಚ್ಚಿಕೊಂಡ.

“ಸೆಕ್ರೆಟರಿ ಸಾಹೇಬ್ರ, ಹೀಲಿಯಂ ಹಾರಿ ಹೋಗ್ತತಿ ಅಂತ ಅದರ ಹಿಂದ ಪೈಪ ಹಿಡಕೊಂಡ ಓಡೋ ಮಂದಿ ನಾವು. ಹಾರಿದ್ದನ್ನ ಹಿಡದು ಮತ್ತ ನೀರ ಮಾಡ್ತೀವಿ. ನೀವು ಬಲೂನ ಅಂತೀರಿ!”

ಅವತ್ತಿನಿಂದ ನನ್ನ ವಿಜ್ಞಾನದ ಪಾಠ ಶುರುವಾಯಿತು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ ಕಾಮರ್ಸಿಗೆ ಹಾರಿದವನಿಗೆ ಐವತ್ತರ ಆಚೆ ಭೌತಶಾಸ್ತ್ರ ಕಲಿಸಿದ್ದು, ಬೆಳಗಿನ ಎಂಟು ಇಪ್ಪತ್ತೆರಡರ ಸ್ಲೋ ಲೋಕಲ್.

ಗೌಸಣ್ಣ ಇಂಡಿ ತಾಲೂಕಿನವನು. ಹತ್ತೊಂಬತ್ತನೆಯ ವಯಸ್ಸಿಗೆ ಬಂದು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸೋದರಮಾವನ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತ. ಇಪ್ಪತ್ತೊಂಬತ್ತಕ್ಕೆ, ವಿಕ್ರೋಳಿಯ ಆಚೆ ಮರಗಳ ನಡುವೆ ಇರುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ಟೆಕ್ನೀಶಿಯನ್ ಆಗಿ ಸೇರಿದ. ಅಲ್ಲಿ ಅವನ ಕೆಲಸ ಚಳಿ ತಯಾರಿಸುವುದು. ನಮ್ಮ ಮನೆಯ ಫ್ರಿಜ್ಜಿನ ಚಳಿಯಲ್ಲ, ಹಿಮಾಲಯದ್ದೂ ಅಲ್ಲ. ಹೀಲಿಯಂ ಗಾಳಿಯೇ ನೀರಾಗುವಂಥದ್ದು, ಮೈನಸ್ ಇನ್ನೂರ ಅರವತ್ತೊಂಬತ್ತು. ಇನ್ನೊಂದು ನಾಲ್ಕು ಡಿಗ್ರಿ ಇಳಿದರೆ ಕೆಳಗೆ ಇಳಿಯಲು ಮೆಟ್ಟಿಲೇ ಇಲ್ಲ. ಜಗತ್ತಿನ ಚಳಿ ಮುಗಿದುಹೋಗುತ್ತದೆ. ಆ ತಳವನ್ನೇ ಸೊನ್ನೆ ಎಂದಿಟ್ಟುಕೊಂಡು ಅವರು ಡಿಗ್ರಿಗಳನ್ನು ಮೇಲಕ್ಕೆ ಎಣಿಸುತ್ತಾರೆ. ದಿನವಿಡೀ ಇಂಥ ಚಳಿಯ ಜೊತೆ ಇದ್ದು ಬರುವ ಗೌಸಣ್ಣ ಮನೆಯಲ್ಲಿ ಫ್ಯಾನು ಹಾಕುವುದಿಲ್ಲ. ಚಹಾ ಕುದಿಯುತ್ತಿರುವಾಗಲೇ ಕುಡಿಯುತ್ತಾನೆ. ಭಾನುವಾರ ಟೆರೇಸಿನ ಬಿಸಿಲಿನಲ್ಲಿ ಚಾಪೆ ಹಾಸಿ, ಒಣಗಲು ಹಾಕಿದ ಸಂಡಿಗೆಗಳ ಪಕ್ಕ ತಾನೂ ಒಣಗುತ್ತಾನೆ.

“ಅಷ್ಟು ಥಂಡಿ ಯಾಕೆ ಗೌಸಣ್ಣ? ಎಂತ ಇಡ್ತೀರಿ ಅದರಲ್ಲಿ?” ಎಂದು ಒಮ್ಮೆ ಕೇಳಿದೆ.

“ಕಲ್ಲ ಇಡ್ತೀವಿ. ಸಣ್ಣ ಹರಳ. ಅದರೊಳಗ ಕೋಟಿ ಕೋಟಿ ಸೂಜಿ ಅದಾವ ಅಂತ ತಿಳ್ಕೋರಿ, ಒಂದೊಂದೂ ಸಣ್ಣ ಅಯಸ್ಕಾಂತ. ಬಿಸಿ ಇದ್ದಾಗ ದಿಕ್ಕಿಗೊಂದು ಕುಣೀತಾವ. ಥಂಡಿ ಮಾಡ್ಕೋತ ಹೋದ್ರ ಒಂದ ಟೈಮಿನಾಗ ಕುಣಿಯೂದ ನಿಲ್ಲಿಸಿ, ಸಾಲ ಹಿಡದ ನಿಂತಬಿಡ್ತಾವ. ಕೆಲವು ಗೊಂದಲದಾಗ ಹೆಂಗಿದ್ವೋ ಹಂಗ ಹೆಪ್ಪಗಟ್ಟತಾವ. ಮೂವತ್ತೊಂದ ವರ್ಷದಾಗ ನಾ ಥಂಡಿ ಮಾಡಿದ ಎಲ್ಲಾ ಹರಳೂ ಎಲ್ಲೋ ಒಂದ ಕಡೆ ನಿಂತಾವ. ನಿಲ್ಲದ ಹರಳ ನಾ ಕಣ್ಣಿಂದ ನೋಡಿಲ್ಲ.”

“ನಿಲ್ಲದೇ ಇರೋದು ಇರ್ತದಾ?”

“ಐತಿ ಅಂತಾರ. ವಿಜೇತಾ ಬೇಟಿ ಒಂದ ತಯಾರ ಮಾಡ್ಯಾಳ.”

ಈ ವಿಜೇತಾ ಆ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುವ ಹುಡುಗಿ. ಉಡುಪಿ ಕಡೆಯವರ ಮಗಳು, ಹುಟ್ಟಿದ್ದು ಬೆಳೆದದ್ದು ಕಾಂದಿವಲಿ. ಅವಳ ಅಪ್ಪ ರಮಾನಾಥರಿಗೆ ಅಲ್ಲಿ ಸ್ಟೇಶನ್ನಿನ ಬಳಿ ಹೋಟೆಲಿದೆ. ನಾಲ್ಕು ವರ್ಷ ಕುಲುಮೆಯ ಮುಂದೆ ಕೂತು ಅವಳು ಬೆಳೆಸಿದ್ದು ಒಂದು ಹಸಿರು ಹರಳು, ಸಬ್ಬಕ್ಕಿಯ ಕಾಳಿನಷ್ಟು. ದೂರದಿಂದ ಒಡೆದ ಬಳೆಚೂರಿನ ಹಾಗೆ ಕಾಣುತ್ತದೆ. ಅದರಲ್ಲಿ ಸೂಜಿಗಳು ಮೂರು ಮೂರಾಗಿ ತ್ರಿಕೋನದಲ್ಲಿ ಕೂತಿವೆಯಂತೆ. ಕಷ್ಟವೆಲ್ಲ ಆ ತ್ರಿಕೋನದ್ದೇ. ಅದನ್ನು ಗೌಸಣ್ಣ ನನಗೆ ವಿವರಿಸಿದ್ದು ನಾಹೂರ್ ಮತ್ತು ಭಾಂಡುಪಿನ ನಡುವೆ.

“ನಮ್ಮ ಸೊಸೈಟಿ ಮೀಟಿಂಗ ನೆನಪ ಮಾಡ್ಕೋರಿ. ನೀರಿನ ಟಾಕಿಗೆ ಬಣ್ಣ ಹಚ್ಚೂದೋ ಬ್ಯಾಡೋ? ಉತ್ತರ ಎರಡ: ಹೂಂ, ಊಹೂಂ. ಎ ವಿಂಗಿಗೆ ಬಿ ವಿಂಗ ಅಂದ್ರ ಆಗೂದಿಲ್ಲ. ಎ ಹೂಂ ಅಂದ್ರ ಬಿ ಊಹೂಂ. ಎರಡ ವಿಂಗ ಇದ್ದಿದ್ರ ಅಲ್ಲಿಗೆ ಸುಮ್ನ ಆಗ್ತಿತ್ತು. ಈಗ ಸಿ ವಿಂಗಿಗೆ ಇಬ್ಬರೂ ಆಗೂದಿಲ್ಲ. ಅದು ಏನ ಅನ್ನಬೇಕು? ಹೂಂ ಅಂದ್ರ ಎ ಜೋಡಿ ಸೇರ್ದಂಗಾತು, ಊಹೂಂ ಅಂದ್ರ ಬಿ ಜೋಡಿ.”

ಹದಿನೆಂಟು ವರ್ಷಗಳಿಂದ ನಾನು ಸೆಕ್ರೆಟರಿಯಾಗಿ ವಿಫಲನಾದದ್ದು ನನ್ನ ದಡ್ಡತನದಿಂದ ಎಂದೇ ನಂಬಿದ್ದೆ. ಈಗ ನೋಡಿದರೆ ಅದು ಪ್ರಕೃತಿ ನಿಯಮ. ಸಿ ವಿಂಗಿನವರು ಒಂದು ಮೀಟಿಂಗಿನಲ್ಲಿ ಹೂಂ ಎಂದು ಮುಂದಿನದರಲ್ಲಿ ಊಹೂಂ ಎನ್ನುವುದು, ಅದನ್ನು ಕಂಡು ಎ ವಿಂಗು ತಿರುಗಿಬೀಳುವುದು, ಟಾಕಿ ಆರು ವರ್ಷದಿಂದ ಬಣ್ಣವಿಲ್ಲದೆ ನಿಂತಿರುವುದು, ಎಲ್ಲಕ್ಕೂ ಕಾರಣ ಸಿಕ್ಕಿತು.

“ಹಾಗಾದರೆ ಅವಳ ಹರಳು ನಮ್ಮ ಮೀಟಿಂಗು.”

“ನಮ್ಮ ಮೀಟಿಂಗಾದ್ರೂ ಊಟದ ಟೈಮಿಗೆ ಮುಗೀತತಿ. ಈ ಹರಳಿನಾಗ ಎಷ್ಟ ಥಂಡಿ ಮಾಡಿದ್ರೂ ಮುಗಿಯಂಗಿಲ್ಲ ಅಂತಾಳ ಅಕಿ. ಅರ್ಧ ಡಿಗ್ರಿತನಕ ಇಳಿಸಿ ನೋಡಬೇಕು. ನಿಲ್ಲಲಿಲ್ಲ ಅಂದ್ರ ಅಕಿ ನಾಕ ವರ್ಷ ಸಾರ್ಥಕ. ನಿಂತ್ರ ಅದು ಎಲ್ಲಾ ಹರಳಿನಂಗ ಒಂದ ಹರಳ.” ಗೌಸಣ್ಣ ಕಿಟಕಿಯ ಆಚೆ ನೋಡಿದ. “ಅಕ್ಟೋಬರ ಮೂವತ್ತೊಂದಕ್ಕ ನಾ ರಿಟಾಯರ್ಡ. ಅಷ್ಟರೊಳಗ ಒಂದ ನಿಲ್ಲದ್ದ ನೋಡಿ ಹೋದ್ರ ಸಾಕ ನನಗ.”

ಇನ್ನು ಹರಳನ್ನು ತಣಿಸಿ ಅಳೆಯುವ ಯಂತ್ರದ ವಿಷಯ. ಕೋಟಿಗಟ್ಟಲೆ ಬೆಲೆಯ ವಿದೇಶೀ ಯಂತ್ರ, ಸೊಳ್ಳೆಯ ಮೀಸೆಯಷ್ಟು ಅಯಸ್ಕಾಂತವನ್ನೂ ಹಿಡಿದುಬಿಡುತ್ತದೆ. ಆದರೆ ಅದರೊಳಕ್ಕೆ ಹರಳನ್ನು ಇಳಿಸುವುದು ಯಾವುದರಲ್ಲಿ ಎಂದರೆ, ಲಸ್ಸಿ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾದಲ್ಲಿ! ನಾನು ನಂಬಲಿಲ್ಲ. ಗೌಸಣ್ಣ ಆಣೆ ಹಾಕಿದ. ಸ್ಟ್ರಾ ಹಗುರ, ನೆಟ್ಟಗೆ ಇರುತ್ತದೆ, ಅದರಲ್ಲಿ ಅಯಸ್ಕಾಂತದ ಗುಣ ಇಲ್ಲವೆನ್ನುವಷ್ಟು ಕಡಿಮೆ; ಆದರೆ ಬಣ್ಣದ ಪಟ್ಟಿ ಇರಕೂಡದು, ಬಣ್ಣದಲ್ಲಿ ಕಬ್ಬಿಣ ಇರಬಹುದು. ಸರ್ಕಾರ ಪ್ಲಾಸ್ಟಿಕ್ ಸ್ಟ್ರಾ ನಿಲ್ಲಿಸಿದಾಗ ಲಸ್ಸಿ ಅಂಗಡಿಯವರಿಗಿಂತ ಹೆಚ್ಚು ಕಂಗಾಲಾದದ್ದು ಈ ಪ್ರಯೋಗಾಲಯದವರು. ಕಾಗದದ ಸ್ಟ್ರಾ ತೇವ ಹೀರಿ ಮೆತ್ತಗಾಗಿ ಬಾಗುತ್ತದೆ. ಕೊನೆಗೆ ವಿಜೇತಾ ತನ್ನ ಅಪ್ಪನ ಹೋಟೆಲಿನ ಅಟ್ಟದಲ್ಲಿ ಮರೆತುಹೋಗಿದ್ದ ಒಂದು ಹಳೆಯ ಪೆಟ್ಟಿಗೆ ಬಿಳಿ ಸ್ಟ್ರಾ ತಂದುಕೊಟ್ಟಳು.

ಸ್ಟ್ರಾದೊಳಗೆ ಹರಳನ್ನು ನಟ್ಟನಡುವೆ ಕೂರಿಸುವುದು ಗೌಸಣ್ಣನ ಕೈಚಳಕ. ಉಕ್ಕಿನ ಚಿಮಟ ಮುಟ್ಟಿಸುವಂತಿಲ್ಲ, ಅದರ ಪುಡಿ ಅಂಟುತ್ತದೆ. ಪ್ಲಾಸ್ಟಿಕ್ ಚಿಮಟ ಜಾರುತ್ತದೆ. ಅದಕ್ಕೆ ಗೌಸಣ್ಣ ತನ್ನ ಬಲಗೈ ಕಿರುಬೆರಳಿನ ಉಗುರನ್ನು ಕಾಲು ಇಂಚು ಬೆಳೆಸಿಕೊಂಡಿದ್ದ. ಗ್ಲೌಸು ಹಾಕು ಎಂದರೆ, “ಗ್ಲೌಸ ಹಾಕಿದ್ರ ಉಗುರಿಗೆ ಕಣ್ಣ ಕಟ್ಟಿದಂಗ” ಎನ್ನುತ್ತಿದ್ದ. ಆ ಉಗುರಿನ ಮೇಲೆ ಸಂಸ್ಥೆಗೆ ಎಷ್ಟು ನಂಬಿಕೆಯೆಂದರೆ, ಹೊರಗಿನಿಂದ ಬಂದ ವಿಜ್ಞಾನಿಗಳಿಗೆ ಯಂತ್ರದ ಜೊತೆ ಅದನ್ನೂ ತೋರಿಸುತ್ತಿದ್ದರಂತೆ. ಮೂವತ್ತೊಂದು ವರ್ಷದಲ್ಲಿ ಅವನ ಕೈಯಿಂದ ಒಂದು ಪ್ರಯೋಗವೂ ಕೆಟ್ಟಿರಲಿಲ್ಲ. ಯಂತ್ರದ ಪಕ್ಕದ ರಿಜಿಸ್ಟರಿನಲ್ಲಿ ‘ಏನು ತಪ್ಪಾಯಿತು, ಯಾರಿಂದ’ ಎಂಬ ಕಾಲಂ ಇದೆ. ಅದರಲ್ಲಿ ಎಲ್ಲರ ಹೆಸರೂ ಇತ್ತು, ಗೌಸಣ್ಣನದೊಂದನ್ನು ಬಿಟ್ಟು.

ಇತ್ತ ಮನೆಯಲ್ಲಿ ಗೌಸಣ್ಣನ ಹೆಂಡತಿ ದೌಲತಬಿ ಬೇರೊಂದು ತಯಾರಿಯಲ್ಲಿದ್ದಳು. ಬೀಳ್ಕೊಡುಗೆಯ ದಿನ ಫೋಟೋ ತೆಗೆಯುತ್ತಾರೆ. ಆ ಫೋಟೋದಲ್ಲಿ ಗಂಡ ತನ್ನ ಪ್ರೊಫೆಸರಿಗಿಂತ ಹರೆಯದವನಾಗಿ ಕಾಣಬೇಕು ಎಂಬುದು ಅವಳ ಹಟ. ಆಕೆಯ ತವರಿನ ಕಬ್ಬಿಣದ ಕಡಾಯಿ ಹೊರಗೆ ಬಂತು. ಅದರಲ್ಲಿ ಮೆಹಂದಿ ಪುಡಿ, ಚಹಾದ ಡಿಕಾಕ್ಷನ್ನು, ನೆಲ್ಲಿಕಾಯಿ ಪುಡಿ ಕಲಸಿ ಒಂದು ದಿನ ನೆನೆಸಿಟ್ಟು, ಕಬ್ಬಿಣದ ಸೌಟಿನಿಂದ ತಳ ಕೆರೆದು ಕೆರೆದು ತಿರುವಿದರೆ ಮೆಹಂದಿ ಕೆಂಪು ಬಿಟ್ಟು ಕಪ್ಪಿಗೆ ತಿರುಗುತ್ತದೆ. ಗೌಸಣ್ಣ ಅದನ್ನು ಕನ್ನಡಿಯ ಮುಂದೆ ಕೂತು ತಾನೇ ಗಡ್ಡಕ್ಕೆ ಹಚ್ಚಿಕೊಂಡ. ಮಿಕ್ಕದ್ದು ಒಂದು ಬಟ್ಟಲಿನಲ್ಲಿ ನಮ್ಮ ಮನೆಗೆ ಬಂತು.

“ಭಾಯ್‌ಸಾಬ, ನಿಮ್ಮ ಮೀಸೀನೂ ಭಾಳ ದಣದದ. ಹಚ್ಕೋರಿ,” ಎಂದಳು ದೌಲತಬಿ.

ಪುಕ್ಕಟೆ ಹರೆಯವನ್ನು ಬೇಡವೆನ್ನಲು ನಾನು ಯಾರು? ಹಚ್ಚಿಕೊಂಡೆ. ಮೀಸೆ ಕಾಗೆಯ ರೆಕ್ಕೆಯಾಯಿತು. ನನ್ನ ಹೆಂಡತಿ ಶೀಲಾವತಿ ನೋಡಿ, “ಮುಖ ಒಂದು ಊರಿನದ್ದು, ಮೀಸೆ ಇನ್ನೊಂದು ಊರಿನದ್ದು” ಎಂದು ಒಳಗೆ ಹೋದಳು.

ಮಾರನೆಯ ದಿನ ಗೌಸಣ್ಣ ವಿಜೇತಾಳ ಹರಳನ್ನು ಸ್ಟ್ರಾದಲ್ಲಿ ಕೂರಿಸಿ ಯಂತ್ರಕ್ಕೆ ಇಳಿಸಿದ.

ಪರೀಕ್ಷೆ ಹೀಗೆ. ಒಮ್ಮೆ ಹರಳನ್ನು ಸುಮ್ಮನೆ ತಣಿಸಿ, ಆಮೇಲೆ ಅಯಸ್ಕಾಂತ ಹಾಕಿ ಅಳೆಯುತ್ತಾರೆ. ಪರದೆಯ ಮೇಲೆ ನೀಲಿ ಗೆರೆ. ಇನ್ನೊಮ್ಮೆ ಅಯಸ್ಕಾಂತ ಹಾಕಿಯೇ ತಣಿಸಿ ಅಳೆಯುತ್ತಾರೆ, ಕೆಂಪು ಗೆರೆ. ಒಳಗಿನ ಸೂಜಿಗಳು ಸ್ವತಂತ್ರವಾಗಿದ್ದರೆ ಹೇಗೆ ತಣಿಸಿದರೂ ಒಂದೇ, ನೀಲಿ ಕೆಂಪು ಒಂದರ ಮೇಲೊಂದು ಕೂರುತ್ತವೆ. ಹೆಪ್ಪುಗಟ್ಟಿದರೆ, ಆ ಜಾಗದಿಂದ ಗೆರೆಗಳು ಎರಡಾಗಿ ಕವಲೊಡೆಯುತ್ತವೆ.

ಹನ್ನೆರಡು ಡಿಗ್ರಿಯಲ್ಲಿ ಗೆರೆಗಳು ಎರಡಾದವು.

ಅರ್ಧ ಡಿಗ್ರಿಯ ಮಾತು ಹಾಗಿರಲಿ, ಹನ್ನೆರಡಕ್ಕೇ ಹರಳು ಸೋತಿತ್ತು. ಅವತ್ತು ಸಂಜೆ ಗೌಸಣ್ಣ ಲೋಕಲಿನಲ್ಲಿ ಸೀಟು ಸಿಕ್ಕರೂ ಕೂರಲಿಲ್ಲ. “ಹುಡುಗಿ ಅಳಲಿಲ್ರಿ. ಪೆನ್ನಿನ ಟೋಪಿ ತಗದು ಹಾಕಿ, ತಗದು ಹಾಕಿ, ಅಷ್ಟ ಮಾಡಿದ್ಲು,” ಎಂದ.

ಮೊದಲ ಅನುಮಾನ ಸ್ಟ್ರಾದ ಮೇಲೆ ಬಂತು. ಹೋಟೆಲಿನ ಅಟ್ಟದಲ್ಲಿ ಇದ್ದ ಮಾಲು, ಏನು ಧೂಳೋ ಏನು ಕಥೆಯೋ! ವಿಜೇತಾ ಮನೆಗೆ ಹೋಗಿ ಇದನ್ನು ಹೇಳಿದಳು. ಮಾರನೆಯ ಬೆಳಿಗ್ಗೆ ರಮಾನಾಥರು ಗಲ್ಲಾದ ಮೇಲೆ ತಮ್ಮನನ್ನು ಕೂರಿಸಿ, ಮಸಾಲೆ ದೋಸೆಯ ಪಾರ್ಸೆಲ್ಲಿನ ಜೊತೆ ಸಂಸ್ಥೆಯ ಗೇಟಿಗೇ ಬಂದರು.

“ಎಂತದು ಮಾರಾಯ್ರೆ, ನನ್ನ ಸ್ಟ್ರಾದಲ್ಲಿ ಕಬ್ಬಿಣವಾ? ಇಪ್ಪತ್ತಾರು ವರ್ಷ ಜನ ಇದರಲ್ಲಿ ಲಸ್ಸಿ ಕುಡ್ದಿದ್ದಾರೆ. ಒಬ್ಬನ ನಾಲಿಗೆಗಾದ್ರೂ ತುಕ್ಕು ಹಿಡಿದದ್ದುಂಟಾ?”

“ಪಪ್ಪಾ, ಪ್ಲೀಸ್, ಇದು ಲಸ್ಸಿ ಅಲ್ಲ,” ಎಂದಳಂತೆ ವಿಜೇತಾ.

“ಲಸ್ಸಿಗಿಂತ ಕಷ್ಟದ್ದು ಯಾವುದುಂಟು? ನೀನು ಖಾಲಿ ಸ್ಟ್ರಾ ಹಾಕಿ ನೋಡು. ನನ್ನ ಮರ್ಯಾದೆ ಪ್ರಶ್ನೆ.”

ಖಾಲಿ ಸ್ಟ್ರಾ ಹಾಕಿ ನೋಡಿದರು. ಗೆರೆ ನೆಟ್ಟಗೆ, ಚೊಕ್ಕಟ. ರಮಾನಾಥರು ಗೆದ್ದರು, ಮಗಳು ಸೋತಳು. ತಪ್ಪು ಸ್ಟ್ರಾದ್ದಲ್ಲ ಎಂದಮೇಲೆ ಅದು ಹರಳಿನದೇ. ಅವಳ ಗೈಡು ಒಳ್ಳೆಯ ಮನುಷ್ಯ. ಬೆನ್ನು ತಟ್ಟಿ, ಇದನ್ನು ಎರಡು ಪುಟದಲ್ಲಿ ಬರೆದು ಮುಗಿಸಿ ಹೊಸ ಹರಳು ಹಿಡಿ ಎಂದರು. ನವೆಂಬರಿನಿಂದ ಯಂತ್ರ ಬೇರೆ ತಂಡದ್ದು. ಅವಳಿಗೆ ಉಳಿದದ್ದು ಎರಡೇ ವಾರ, ಗೌಸಣ್ಣನಿಗೆ ಉಳಿದದ್ದೂ ಅಷ್ಟೇ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಪೇಪರು ಓದುತ್ತಿದ್ದಾಗ ಗೌಸಣ್ಣ ಬಂದು ಬಾಗಿಲಲ್ಲಿ ನಿಂತ. ಮುಖ ಬಿಳಿಚಿತ್ತು, ಕಪ್ಪು ಗಡ್ಡದಿಂದಾಗಿ ಇನ್ನೂ ಬಿಳಿಚಿ ಕಂಡಿತು. ಕೈಯಲ್ಲಿ ಫ್ರಿಜ್ಜಿಗೆ ಅಂಟಿಸುವ ಒಂದು ಅಯಸ್ಕಾಂತ.

“ಇದನ್ನ ನೋಡ್ರಿ.”

ಅಯಸ್ಕಾಂತದ ಮೇಲೆ ಕಪ್ಪು ಕೆಸರು ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಂತಿತ್ತು.

“ದೌಲತಬಿ ಎರಡನೇ ಸಲಕ್ಕ ಮೆಹಂದಿ ಕಲಸಾಕತ್ತಿದ್ಲು. ಸೌಟಿಲೆ ಕಡಾಯಿ ಗರಗರ ಕೆರೀತಿದ್ಲು. ಆ ಸಪ್ಪಳ ಕೇಳಿ ನನ್ನ ಕಿರಿಬೆರಳ ಜುಂ ಅಂತು ನೋಡ್ರಿ. ಈ ಉಗುರ.” ಅವನು ಉಗುರನ್ನು ಬೆಳಕಿಗೆ ಹಿಡಿದ. ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು. “ಕಬ್ಬಿಣ ಮುಟ್ಟಬಾರದು ಅಂತ ಬೆಳಸಿದ ಉಗುರ. ಅದರಾಗ ನಾನ ಕಬ್ಬಿಣ ತುಂಬಕೊಂಡ ಹೋಗಿ ಹರಳಿಗೆ ಸವರಿ ಬಂದೀನಿ. ಹಿಂತಾ ಪುಡಿ ಕಬ್ಬಿಣ, ತುಕ್ಕು, ಹತ್ತ ಹನ್ನೆರಡ ಡಿಗ್ರಿಯೊಳಗನ ಹೆಪ್ಪಗಟ್ಟತತ್ರಿ. ನಾ ಬೇರೆ ಹರಳಿನಾಗ ನೋಡೀನಿ.”

“ಅಂದರೆ ನಿಂತದ್ದು ಹರಳಲ್ಲ?”

“ನನ್ನ ಗಡ್ಡ ಇರಬೇಕು. ಆದ್ರ ಇರಬೇಕು ಅಂದ್ರ ಅಲ್ಲಿ ನಡೆಯಂಗಿಲ್ಲ, ತೋರಸಬೇಕು. ನಾಳೆ ಒಂದ ದಿನ ರಜಾ ಹಾಕ್ರಿ.”

“ನಾನ್ಯಾಕೆ?”

ಗೌಸಣ್ಣ ನನ್ನ ಮೂಗಿನ ಕೆಳಗೆ ನೋಡಿದ. “ಅದ ಕಡಾಯಿ, ಅದ ಮೆಹಂದಿ. ಒಂದ ಕೂದಲ ನೋಡಿದ್ರ ಆಕಸ್ಮಿಕ ಅಂತಾರ. ಎರಡ ಬೇಕ.”

ಸೋಮವಾರ ಲೋಕಲಿನಲ್ಲಿ ನಾನು ನನ್ನ ಮಟ್ಟದ ಬುದ್ಧಿವಾದ ಹೇಳಿದೆ. “ಗೌಸಣ್ಣ, ಇಷ್ಟೆಲ್ಲ ರಾದ್ಧಾಂತ ಯಾಕೆ? ಹರಳನ್ನು ತೊಳೆದು ಇನ್ನೊಮ್ಮೆ ಹಾಕಿಬಿಡಿ. ಏನೋ ಧೂಳಿತ್ತು ಅಂತ ಹೇಳಿದರಾಯ್ತು. ಉಳಿದ ಕೆಲವು ದಿನಕ್ಕೆ ನಿಮ್ಮ ಹೆಸರು ಯಾಕೆ ಹಾಳು ಮಾಡ್ಕೊಳ್ತೀರಿ?”

ಅವನು ಭಾಂಡುಪ್ ಬರುವ ತನಕ ತನ್ನ ಕಿರುಬೆರಳಿನ ಉಗುರನ್ನೇ ತಿರುಗಿಸಿ ತಿರುಗಿಸಿ ನೋಡಿದ. ಈ ಮಾತು ಅವನಿಗೂ ಮೊದಲೇ ಹೊಳೆದಿತ್ತೆಂದು ಅವನ ಮುಖದಲ್ಲೇ ಗೊತ್ತಾಗುತ್ತಿತ್ತು.

“ಹಂಗ ಮಾಡಬಹುದಿತ್ರಿ. ಆದ್ರ ನಾಳೆ ಗೆರಿ ಒಂದ ಆದ್ರೂ ಮಂದಿ ಏನಂತಾರ? ಮೊದಲ ಎರಡ ಆಗಿತ್ತು, ತೊಳದ ಮ್ಯಾಲ ಒಂದ ಆತು, ಯಾವುದ ಖರೇ ಅಂತ ಕೇಳ್ತಾರ. ಯಾಕ ಎರಡ ಆಗಿತ್ತು ಅಂತ ಹೇಳಾಕ ಬರಲಿಲ್ಲ ಅಂದ್ರ ಹುಡುಗಿ ಮಾತ ಯಾರೂ ನಂಬೂದಿಲ್ಲ. ನನ್ನ ಹೆಸರ ಉಳಸಾಕ ಹೋಗಿ ಅಕಿ ಹರಳಿನ ಹೆಸರ ಕೆಡಸಲೇನು?”

ಹದಿನೆಂಟು ವರ್ಷ ಸೆಕ್ರೆಟರಿಯಾಗಿ ಮಿನಿಟ್ಸ್ ಬರೆದವನು ನಾನು. ತಪ್ಪನ್ನು ಹೇಗೆ ಬರೆಯದೇ ಬಿಡಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು.

ಪ್ರಯೋಗಾಲಯದಲ್ಲಿ ಗೈಡು, ವಿಜೇತಾ ಇಬ್ಬರ ಎದುರು ನಿಂತು ಗೌಸಣ್ಣ ಎಲ್ಲವನ್ನೂ ಹೇಳಿದ. ಅರ್ಧ ಹಿಂದಿ, ಅರ್ಧ ಕನ್ನಡ, ನಡುವೆ ಗಡ್ಡ ಹಿಡಿದು ತೋರಿಸುವುದು. ಗೈಡು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಗಡ್ಡವನ್ನೇ ನೋಡಿದರು. ವಿಜೇತಾ ಮಾತ್ರ, “ಗೌಸ್ ಚಾಚಾ, ನೀವು... ಮತ್ಲಬ್, ಕಡಾಯಿ?” ಎಂದು ಅವನ ಉಗುರನ್ನು ನೋಡಿದಳು.

ಮೂರು ಕೂದಲು ಯಂತ್ರಕ್ಕೆ ಹೋದವು. ಒಂದು ಗೌಸಣ್ಣನ ಗಡ್ಡದ್ದು. ಒಂದು ಅವನ ಹುಬ್ಬಿನದು, ಮೆಹಂದಿ ಕಾಣದ್ದು. ಇನ್ನೊಂದು ನನ್ನ ಮೀಸೆಯದು; ಅದನ್ನು ವಿಜೇತಾ ಗ್ಲೌಸು ಹಾಕಿ ಪ್ಲಾಸ್ಟಿಕ್ ಚಿಮಟದಿಂದ ಕಿತ್ತಳು. “ಸಾರಿ ಅಂಕಲ್, ಸ್ವಲ್ಪ ದರ್ದ್ ಆಗ್ತದೆ,” ಎಂದಳು. ಕಣ್ಣಲ್ಲಿ ನೀರು ಬಂದದ್ದನ್ನು ವಿಜ್ಞಾನದ ಮೇಲಿನ ಅಭಿಮಾನ ಎಂದು ತೋರಿಸಿಕೊಂಡೆ.

ಸಂಜೆ ಐದರ ಹೊತ್ತಿಗೆ ಮೂರೂ ಮುಗಿದವು. ಹುಬ್ಬಿನದು ಒಂದೇ ಗೆರೆ. ಗಡ್ಡದ್ದು ಹನ್ನೆರಡು ಡಿಗ್ರಿಯಲ್ಲಿ ಎರಡು. ಕೊನೆಗೆ ನನ್ನದು ಬಂತು. ಮೇಲಿನಿಂದ ಇಳಿದು ಬಂದ ನೀಲಿ, ಕೆಂಪು ಗೆರೆಗಳು ಸರಿಯಾಗಿ ಹನ್ನೆರಡಕ್ಕೆ ಬಂದು, ಲಗ್ನದ ಮನೆಯ ಬಾಳೆಎಲೆ ಸೀಳಿದ ಹಾಗೆ ಎರಡಾದವು.

“ಅಂಕಲ್, ನಿಮ್ಮ ಮೂಚ್ ಪರ್ಫೆಕ್ಟ್!” ಎಂದು ವಿಜೇತಾ ಕುರ್ಚಿಯಿಂದ ಎದ್ದೇಬಿಟ್ಟಳು. ಹರಳು ಸೋತ ಮೇಲೆ ಅವಳು ನಕ್ಕದ್ದು ಅದೇ ಮೊದಲಂತೆ. ಬದುಕಿನಲ್ಲಿ ನನ್ನ ಯಾವುದೇ ಅಂಗಕ್ಕೆ ಇಂಥ ಮಾತು ಸಿಕ್ಕಿದ್ದಿಲ್ಲ. ಆ ಗೆರೆಗಳ ಒಂದು ಪ್ರಿಂಟನ್ನು ಕೇಳಿ ತಂದು ಶೀಲಾವತಿಗೆ ತೋರಿಸಿದೆ. “ನಿಮ್ಮಲ್ಲಿ ಆಕರ್ಷಣೆ ಉಂಟು ಅಂತ ಮೆಶಿನ್ನಿಗೆ ಗೊತ್ತಾಗಬೇಕಾಯ್ತು,” ಎಂದಳು.

ಗೌಸಣ್ಣ ರಿಜಿಸ್ಟರು ತೆಗೆದು ಆ ಕಾಲಮ್ಮಿನಲ್ಲಿ ತಾನೇ ಬರೆದ. ಗೈಡು, ಬೇಡ ಗೌಸ್, ಮೆಹಂದಿ ಎಂದಷ್ಟು ಬರೆದರೆ ಸಾಕು ಎಂದರು. ಅವನು ಕೇಳಲಿಲ್ಲ. ಏನು ತಪ್ಪಾಯಿತು: ಹರಳಿಗೆ ಕಬ್ಬಿಣ ಅಂಟಿತು. ಯಾರಿಂದ: ಗೌಸನ ಗಡ್ಡದಿಂದ. ಬರೆದು, ರುಜು ಹಾಕಿ, ಜೇಬಿನಿಂದ ನೇಲ್ ಕಟರ್ ತೆಗೆದು ಕಿರುಬೆರಳಿನ ಉಗುರನ್ನು ಕಟಕ್ಕೆಂದು ಕತ್ತರಿಸಿ ಡಸ್ಟ್‌ಬಿನ್ನಿಗೆ ಹಾಕಿದ. ಅಲ್ಲಿದ್ದವರೆಲ್ಲ ಡಸ್ಟ್‌ಬಿನ್ನಿನ ಸುತ್ತ ಬಂದು ನಿಂತರು. ಯಾರೋ ಹಿರಿಯ ಸಿಬ್ಬಂದಿ ತೀರಿಹೋದ ಹಾಗಿತ್ತು.

ಕಡಾಯಿಯ ಮೇಲೆ ಬಂದ ಅಪವಾದವನ್ನು ದೌಲತಬಿ ಸಹಿಸಲಿಲ್ಲ. ಗೌಸಣ್ಣ ಮನೆಗೆ ಬರುವಾಗ ಸಲೂನಿಗೆ ಹೋಗಿ ಗಡ್ಡವನ್ನು ಬುಡದ ಬಿಳಿಯಷ್ಟೇ ಉಳಿಯುವಂತೆ ಕತ್ತರಿಸಿಕೊಂಡು ಬಂದಿದ್ದನ್ನು ನೋಡಿದ ಮೇಲಂತೂ ಅವಳ ದನಿ ಸಿ ವಿಂಗಿನವರೆಗೂ ಕೇಳಿತು. “ಮೂವತ್ತ ವರ್ಷ ಅದರಾಗ ಕರದದ್ದು ತಿಂದ ಹೊಟ್ಟಿಗೆ ಏನೂ ಆಗಲಿಲ್ಲ, ಒಂದ ಕಲ್ಲಿಗೆ ಆತಂತ! ಫೋಟೋದಾಗ ಈಗ ನನ್ನ ಅಪ್ಪನಂಗ ಕಾಣ್ತೀರಿ!”

“ನಿಮ್ಮ ಅಪ್ಪ ಚೆಂದ ಇದ್ರಲ್ಲ,” ಎಂದ ಗೌಸಣ್ಣ.

ಎರಡು ದಿನ ಆ ಮನೆಯಲ್ಲಿ ಚಹಾ ಆರಿಯೇ ಬಂತು.

ಹರಳನ್ನು ವಿಜೇತಾ ಸ್ಪಿರಿಟ್ಟಿನಲ್ಲಿ ಮೂರು ಸಲ ತೊಳೆದಳು. ಈ ಸಲ ಕೂರಿಸಿದ್ದೂ ಅವಳೇ, ಗ್ಲೌಸು ಹಾಕಿ, ಸ್ಟ್ರಾದ ಇನ್ನೊಂದು ತುಂಡಿನಿಂದ ತಳ್ಳಿ. ಗೌಸಣ್ಣ ಕೈ ಹಿಂದೆ ಕಟ್ಟಿಕೊಂಡು ಒಂದು ಮೊಳ ದೂರ ನಿಂತು, ‘ಇನ್ನ ಸ್ವಲ್ಪ ಕೆಳಗ, ಸಾಕವ್ವಾ, ಉಸಿರ ಬಿಡಬ್ಯಾಡ’ ಎಂದು ಹೇಳಿಕೊಟ್ಟ. ಆರನೆಯ ಸಲಕ್ಕೆ ಸರಿಯಾಗಿ ಕೂತಿತು. ಹಿಂದಿನ ಐದು ಸಲಕ್ಕೆ ರಮಾನಾಥರ ಐದು ಸ್ಟ್ರಾ ಹೋದವು. ಆಮೇಲೆ ಹೀಲಿಯಂ ತುಂಬಿದ್ದು ಮಾತ್ರ ಗೌಸಣ್ಣನೇ; ಎದೆಯೆತ್ತರದ ಉಕ್ಕಿನ ಕ್ಯಾನಿಗೆ ಪೈಪು ಸೇರಿಸಿ, ಬಿಳಿ ಹೊಗೆಯ ನಡುವೆ ನಿಂತು, ಕ್ಯಾನಿಗೆ ಕಿವಿಯಿಟ್ಟು ಎಷ್ಟು ತುಂಬಿದೆ ಎಂದು ಸದ್ದಿನಲ್ಲೇ ಹೇಳಬಲ್ಲವನು ಅಲ್ಲಿ ಅವನೊಬ್ಬನೇ.

ಹನ್ನೆರಡು ಡಿಗ್ರಿ ದಾಟಿದ ಸುದ್ದಿ ಮೂವತ್ತರ ಮಧ್ಯಾಹ್ನ ನನ್ನ ಆಫೀಸಿಗೆ ಫೋನಿನಲ್ಲಿ ಬಂತು. “ಹನ್ನೆರಡ ಹೋತ್ರಿ, ಏನೂ ಆಗಲಿಲ್ಲ!” ಎಂದು ಕೂಗಿದ. ಸಂಜೆ ಎರಡು ಡಿಗ್ರಿ. ಅದರ ಕೆಳಗೆ ಒಂದೊಂದು ಹೆಜ್ಜೆಗೂ ಗಂಟೆಗಟ್ಟಲೆ ಕಾಯಬೇಕು.

ಮೂವತ್ತೊಂದನೆಯ ತಾರೀಕು ಮಧ್ಯಾಹ್ನ ಮೂರಕ್ಕೆ ಬೀಳ್ಕೊಡುಗೆ. ನಾನು, ಶೀಲಾವತಿ, ಹೊಸ ಸೀರೆಯಲ್ಲಿ ದೌಲತಬಿ ಮೂವರೂ ಹೋಗಿದ್ದೆವು. ಸಭಾಂಗಣದಲ್ಲಿ ಹಾರ, ಶಾಲು, ಫೋಟೋದವನು, ರಮಾನಾಥರು ಕಳಿಸಿದ ಗೋಳಿಬಜೆ ಎಲ್ಲ ತಯಾರು, ಸನ್ಮಾನ ಮಾಡಿಸಿಕೊಳ್ಳುವವನಿಲ್ಲ. ಡೈರೆಕ್ಟರು ಎರಡು ಸಲ ವಾಚು ನೋಡಿದರು. ಮೂರೂವರೆಗೆ ದೌಲತಬಿ ಎದ್ದಳು.

“ನಡೀರಿ ಭಾಯ್‌ಸಾಬ, ಎಲ್ಲಿ ಕುಂತಾರಂತ ನನಗೊತ್ತು.”

ಪ್ರಯೋಗಾಲಯದಲ್ಲಿ ಪರದೆಯ ಮುಂದೆ ಎರಡು ಕುರ್ಚಿ. ಒಂದರಲ್ಲಿ ವಿಜೇತಾ, ಒಂದರಲ್ಲಿ ಬಿಳಿ ಗಡ್ಡದ ಗೌಸಣ್ಣ, ಹೊಸ ಷೇರ್ವಾನಿ ಹಾಕಿಕೊಂಡು, ಕಾಲು ಮಡಚಿ ಕೂತಿದ್ದಾನೆ. ಟೆರೇಸಿನ ಬಿಸಿಲಿನಲ್ಲಿ ಕೂರುವಾಗಿನ ಮುಖ. ಪರದೆಯ ಎಡತುದಿಯಲ್ಲಿ ಅರ್ಧ ಡಿಗ್ರಿ ಎಂದು ಗುರುತು. ಕೊನೆಯ ಚುಕ್ಕೆ ಆಗಷ್ಟೇ ಬಂದು ಕೂತಿತ್ತು. ವಿಜೇತಾ ತಿರುಗಿ ನಮ್ಮನ್ನು ನೋಡಿ ಏನೋ ಹೇಳಲು ಹೋದಳು. ಅವಳ ಬಾಯಲ್ಲಿದ್ದ ಕನ್ನಡ, ಹಿಂದಿ, ಇಂಗ್ಲಿಷು ಮೂರೂ ಸಾಲದೆ ಮನೆಯ ತುಳುವಿನಲ್ಲಿ “ಉಂತುಜಿ!” ಎಂದಳು. ನಿಲ್ಲುವುದಿಲ್ಲ ಎಂದರ್ಥ.

“ನೋಡ್ರಿ ಸೆಕ್ರೆಟರಿ ಸಾಹೇಬ್ರ,” ಎಂದ ಗೌಸಣ್ಣ ಪರದೆಯಿಂದ ಕಣ್ಣು ತೆಗೆಯದೆ. “ಇಷ್ಟ ಥಂಡಿಯಾಗೂ ಮಾತಾಡ್ಕೋತ ಕುಂತಾವ. ಗದ್ದಲ ಅಲ್ಲರಿ ಇದು. ಬರೀ ಗದ್ದಲ ಆಗಿದ್ರ ಹನ್ನೆರಡಕ್ಕ ಸುಮ್ನ ಆಗ್ತಿತ್ತು.”

ನಾನು ಟಾಕಿಯ ಬಣ್ಣದ ಮೀಟಿಂಗನ್ನು ನೆನೆದುಕೊಂಡು, ಆ ಮಟ್ಟಕ್ಕೆ ನಾವಿನ್ನೂ ಏರಿಲ್ಲವೆಂದು ಒಪ್ಪಿಕೊಂಡೆ.

ದೌಲತಬಿ ಸೊಂಟದ ಮೇಲೆ ಕೈಯಿಟ್ಟು ಪರದೆಯನ್ನು ದಿಟ್ಟಿಸಿದಳು. ಅಲ್ಲಿ ಹೂವಿಲ್ಲ, ಚಿತ್ರವಿಲ್ಲ, ಬಲದಿಂದ ಎಡಕ್ಕೆ ಹೋದ ಗೆರೆ.

“ಇಷ್ಟಕ್ಕ ನನ್ನ ಕಡಾಯಿಗೆ ಹೆಸರ ಇಟ್ಟದ್ದು? ಈ ಎರಡ ಗೆರಿ ಸಲುವಾಗಿ?”

ಗೌಸಣ್ಣ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ.

“ಎರಡಲ್ಲ,” ಎಂದ. “ಕುಂತ ನೋಡು. ಒಂದ.”